ಆಲ್ಬಿನಾ ಯೂರ್ಕೊನಿಸ್‌ಳ ಶನಿವಾರಗಳು

ಹಾರ್ಲನ್ಸ್ ಗ್ಯಾಪ್ ಎಂಬ ಗಣಿಯೂರಿನ ಹೈಸ್ಕೂಲಿಗೆ ನಾನು ಗಣಿತದ ಮೇಷ್ಟ್ರಾಗಿ ಸೇರಿದ ವರ್ಷ, ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಕ್ಯಾಂಟೀನಿನ ಬಾಗಿಲಲ್ಲಿ ಆಲ್ಬಿನಾ ಯೂರ್ಕೊನಿಸ್ ನನ್ನನ್ನು ಅಡ್ಡಗಟ್ಟಿದಳು.

"ಬೂಟು ಬಿಚ್ಚಿ ಮೇಷ್ಟ್ರೇ."

"ಬೂಟಾ? ಹೊರಗೆ ಹಿಮ ಬೀಳ್ತಾ ಇದೆಯಲ್ರೀ."

"ಅದಕ್ಕೇ ಹೇಳಿದ್ದು. ಒದ್ದೆ ಬೂಟಲ್ಲಿ ಪರೀಕ್ಷೆ ಬರೆಯೋ ಮಕ್ಕಳ ಸಾಲುಗಳ ಮಧ್ಯೆ ಓಡಾಡಿದ್ರೆ ಕೀಚ್ ಕೀಚ್ ಅನ್ನುತ್ತೆ. ಹೋದ ಸಲ ವ್ಯಾಯಾಮದ ಮೇಷ್ಟ್ರು ಹಾಗೇ ಓಡಾಡಿ ಒಬ್ಬಳು ಹುಡುಗಿ ಅತ್ತೇಬಿಟ್ಲು. ಬಿಚ್ಚಿ, ಬಿಚ್ಚಿ. ನಿಮ್ಮ ಕಾಲುಚೀಲ ತೂತಾಗಿದ್ರೆ ಯಾರೂ ನೋಡಲ್ಲ. ಅವರವರ ತಲೆನೋವು ಅವರವರಿಗೆ."

ಕಾಲುಚೀಲ ತೂತಾಗಿಯೇ ಇತ್ತು. ಬಿಚ್ಚಿದೆ. ಅವತ್ತಿನಿಂದ ನಲವತ್ತು ವರ್ಷ ಆಕೆಯ ಕೈಕೆಳಗೆ ಶನಿವಾರಗಳಂದು ಸಾಲುಗಳ ನಡುವೆ ಓಡಾಡಿದೆ.

ಕಾಲೇಜಿಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರು ಬರೆಯಬೇಕಾದ ಪರೀಕ್ಷೆ ಅದು. ಅದರ ಹೆಸರು ಎಸ್‌.ಎ.ಟಿ.; ನಮ್ಮೂರಿನವರ ಬಾಯಲ್ಲಿ ಮಾತ್ರ ಅದು ಶನಿವಾರದ ಪರೀಕ್ಷೆ. ಭಾಷೆಗೊಂದು ಅಂಕಿ, ಗಣಿತಕ್ಕೊಂದು ಅಂಕಿ, ಎರಡೂ ಎಂಟುನೂರಕ್ಕೆ. ಆ ಅಂಕಿಯನ್ನು ನೋಡಿ, ಎಲ್ಲೋ ದೂರದಲ್ಲಿ, ನಮ್ಮ ಬೆಟ್ಟವನ್ನಾಗಲಿ ನಮ್ಮ ಕಲ್ಲಿದ್ದಲಿನ ಕಪ್ಪು ದಿಬ್ಬಗಳನ್ನಾಗಲಿ ಯಾವತ್ತೂ ಕಾಣದ ಜನ ಮಗುವನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಿದ್ದರು.

ಆಲ್ಬಿನಾ ಮೇಷ್ಟ್ರಲ್ಲ. ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ವಾರವೆಲ್ಲ ಟೈಪು ಹೊಡೆಯುವುದು, ತಡವಾಗಿ ಬಂದವರನ್ನು ಗದರುವುದು, ಹೊಟ್ಟೆನೋವೆಂದು ನಟಿಸುವವರ ತಾಯಂದಿರಿಗೆ ಫೋನು ಮಾಡುವುದು ಇವೇ ಆಕೆಯ ಕೆಲಸ. ಪರೀಕ್ಷೆಯ ಶನಿವಾರ ಮಾತ್ರ ಇಡೀ ಶಾಲೆ ಆಕೆಯದು. ಪ್ರಿನ್ಸಿಪಾಲರು ಕೂಡ ಅವತ್ತು ಆಕೆಯನ್ನು ಕೇಳಿಯೇ ಒಳಗೆ ಬರುತ್ತಿದ್ದರು. ಗಿಡ್ಡ ಆಳು, ಅಗಲ ಮುಖ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ದನಿ ಮಾತ್ರ ದೊಡ್ಡದು. "ಪೆನ್ಸಿಲ್ ಕೆಳಗಿಡಿ" ಎಂದರೆ ಪಕ್ಕದ ಬೀದಿಯಲ್ಲಿ ಅಡುಗೆ ಮಾಡುತ್ತಿರುವವರೂ ಸೌಟು ಕೆಳಗಿಡುತ್ತಾರೆ ಎಂದು ಹುಡುಗರು ಹಾಸ್ಯ ಮಾಡುತ್ತಿದ್ದರು.

ಆಕೆ ತಾನೂ ಆ ಪರೀಕ್ಷೆ ಬರೆದವಳು ಎಂಬುದು ನನಗೆ ತಿಳಿದದ್ದು ಎರಡನೆಯ ವರ್ಷ. ಮಕ್ಕಳಿಗೆ ವಿರಾಮ ಕೊಟ್ಟಿದ್ದೆವು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ, ವಾಲ್‌ನಟ್ ತುಂಬಿದ ರೊಟ್ಟಿಯ ತುಂಡೊಂದನ್ನು ನನ್ನತ್ತ ತಳ್ಳುತ್ತ, ಹವೆಯ ವಿಷಯ ಹೇಳಿದ ಹಾಗೆ ಹೇಳಿದಳು.

ಆಕೆಯ ಅಪ್ಪ ಕ್ಯಾಸ್, ಕಲ್ಲಿದ್ದಲು ಒಡೆಯುವ ಕಾರ್ಖಾನೆಯಲ್ಲಿ ದುಡಿದು ಎದೆ ಹಾಳು ಮಾಡಿಕೊಂಡವನು. ಅಮ್ಮ ಅಂಗಿ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದಳು. ಮನೆಯಲ್ಲಿ ಲಿಥುವೇನಿಯನ್ ಮಾತು, ಶಾಲೆಯಲ್ಲಿ ಇಂಗ್ಲಿಷ್. ಇವೆರಡರ ಮಧ್ಯೆ ಈ ಹುಡುಗಿಗೆ ಲ್ಯಾಟಿನ್ ಹುಚ್ಚು ಹಿಡಿಯಿತು. ಲ್ಯಾಟಿನ್ ಹೇಳಿಕೊಡುತ್ತಿದ್ದ ಮುದುಕಿ ಟೀಚರ್ ತಾನಾಗಿಯೇ ಹೆಸರು ಬರೆಸಿ ಆಲ್ಬಿನಾಳನ್ನು ಪರೀಕ್ಷೆಗೆ ಕಳಿಸಿದಳು. ಆಗ ಪರೀಕ್ಷೆ ನಡೆಯುತ್ತಿದ್ದದ್ದು ಬೆಟ್ಟದಾಚೆಯ ದೊಡ್ಡ ಊರಿನಲ್ಲಿ. ಅಪ್ಪ ಕೆಮ್ಮುತ್ತ ಜೊತೆಗೆ ಬಂದು, ಪರೀಕ್ಷೆ ಮುಗಿಯುವ ತನಕ ಬಸ್ ನಿಲ್ದಾಣದಲ್ಲಿ ಕೂತಿದ್ದ.

"ಆಮೇಲೆ?" ಎಂದು ಕೇಳಿದೆ.

"ಆಮೇಲೇನು, ಪ್ರೊಥೆರೊ ಸಾಹೇಬ್ರು ಕರೆಸಿದ್ರು." ಪ್ರೊಥೆರೊ ಎಂದರೆ ಆಗಿನ ಕಾಲದಲ್ಲಿ ಯಾವ ಮಗು ಯಾವ ದಾರಿ ಹಿಡಿಯಬೇಕೆಂದು ಹೇಳುತ್ತಿದ್ದ ಸಲಹೆಗಾರರು. "'ಆಲ್ಬಿನಾ, ಕಾಲೇಜು ನಿನ್ನ ಮೈಗೆ ಹೊಂದೋ ಬಟ್ಟೆ ಅಲ್ಲಮ್ಮ. ನಿನ್ನ ಟೈಪಿಂಗ್ ಚೆನ್ನಾಗಿದೆ. ಇಲ್ಲೇ ಕಚೇರೀಲಿ ಜಾಗ ಇದೆ' ಅಂದ್ರು. ಥ್ಯಾಂಕ್ಯೂ ಸರ್ ಅಂದೆ."

"ಎಷ್ಟು ಬಂದಿತ್ತು ಅಂತ ಕೇಳ್ಲಿಲ್ವಾ?"

"ಕೇಳಬಹುದು ಅಂತಾನೇ ಗೊತ್ತಿರ್ಲಿಲ್ಲ ಮೇಷ್ಟ್ರೇ. ಆಗೆಲ್ಲ ಅಂಕಿ ಬರೀ ಶಾಲೆಗೆ ಬರ್ತಿತ್ತು, ಕಾಲೇಜಿಗೆ ಹೋಗ್ತಿತ್ತು. ಬರೆದವರಿಗೆ ಹೇಳ್ತಿರ್ಲಿಲ್ಲ. ಡಾಕ್ಟ್ರು ಎಕ್ಸ್‌ರೇ ನೋಡೋ ಹಾಗೆ. ಅವರು ಬೆಳಕಿಗೆ ಹಿಡಿದು ನೋಡ್ತಾರೆ, ಹೂಂ ಅಂತಾರೆ, ನಾವು ಅಂಗಿ ಹಾಕ್ಕೊಂಡು ಹೊರಡ್ತೀವಿ."

ಒಂದೆರಡು ವರ್ಷದಲ್ಲೇ ಆ ಕಟ್ಟಳೆ ಬದಲಾಯಿತು. ಬರೆದವರಿಗೇ ಅಂಕಿ ತಿಳಿಸಬೇಕೆಂದಾಯಿತು. ಆ ಹೊತ್ತಿಗೆ ಆಲ್ಬಿನಾ ಅದೇ ಕಚೇರಿಯ ಕುರ್ಚಿಯಲ್ಲಿ ಕೂತಿದ್ದಳು. ತನಗಿಂತ ಒಂದೆರಡು ತರಗತಿ ಹಿಂದಿದ್ದ ಮಕ್ಕಳು ಬಂದು ತಮ್ಮ ತಮ್ಮ ಅಂಕಿ ಕೇಳಿ ಪಡೆದುಕೊಂಡು ಹೋಗುವಾಗ ಅವುಗಳನ್ನು ಎತ್ತಿ ಕೊಡುತ್ತಿದ್ದವಳು ಆಕೆಯೇ. ಕಟ್ಟಳೆ ಬದಲಾಗುವ ಮುಂಚಿನ ವರ್ಷಗಳ ಕಾಗದ ಮಾತ್ರ ಕಚೇರಿಯಲ್ಲಿ ಉಳಿದಿರಲಿಲ್ಲ.

"ಬೇಜಾರಾಗ್ಲಿಲ್ವಾ?"

"ಆಯ್ತು. ಆಮೇಲೆ ಮದುವೆ ಆಯ್ತು. ಕಾಫಿ ಆರ್ತಾ ಇದೆ, ಕುಡೀರಿ."

ಗಂಡ ಸ್ಟ್ಯಾನ್ ಶಾಲಾ ಬಸ್ಸು ಓಡಿಸುತ್ತಿದ್ದ. ಮಕ್ಕಳಾಗಲಿಲ್ಲ. ಪ್ರೊಥೆರೊ ನಿವೃತ್ತರಾದ ಮೇಲೆ ಶನಿವಾರದ ಪರೀಕ್ಷೆಯ ಹೊಣೆ ಹೊರಲು ಮೇಷ್ಟ್ರುಗಳು ಯಾರೂ ಮುಂದೆ ಬರಲಿಲ್ಲ. ವಾರವೆಲ್ಲ ಮಕ್ಕಳ ಜೊತೆ ಒದ್ದಾಡಿದ ಮೇಲೆ ಶನಿವಾರವೂ ಯಾರಿಗೆ ಬೇಕು? ಹೀಗೆ ಅದು ಆಲ್ಬಿನಾಳ ಕೊರಳಿಗೆ ಬಿತ್ತು.

ಸ್ಟ್ಯಾನ್ ತೀರಿಕೊಂಡ ಮರುವರ್ಷ, ಒಂದು ದಿನ ಆಕೆ ನನ್ನನ್ನು ಕೇಳಿದಳು: "ಭಾನುವಾರ ಕಾರು ತರ್ತೀರಾ? ಪ್ರೊಥೆರೊ ಸಾಹೇಬ್ರನ್ನ ನೋಡ್ಕೊಂಡು ಬರೋಣ."

ಅವರು ಬೆಟ್ಟದಾಚೆ, ಚರ್ಚಿನವರು ನಡೆಸುವ ವೃದ್ಧರ ಮನೆಯಲ್ಲಿದ್ದರು. ಆಲ್ಬಿನಾ ಗಸಗಸೆಯ ರೊಟ್ಟಿ ಸುಟ್ಟು ತಂದಿದ್ದಳು. ಕಿಟಕಿಯ ಬಳಿ, ಕಾಲ ಮೇಲೆ ಕಂಬಳಿ ಹೊದ್ದು, ಇನ್ನೂ ಟೈ ಕಟ್ಟಿಕೊಂಡೇ ಕೂತಿದ್ದರು ಮುದುಕರು. ಬುದ್ಧಿ ಚುರುಕಾಗಿಯೇ ಇತ್ತು.

"ಕ್ಯಾಸ್‌ನ ಮಗಳಲ್ವಾ ನೀನು? ಚೆನ್ನಾಗಿ ಟೈಪ್ ಮಾಡ್ತಿದ್ದೆ."

"ಹೌದು ಸರ್. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಆ ಪರೀಕ್ಷೇಲಿ ನಂಗೆ ಎಷ್ಟು ಬಂದಿತ್ತು?"

ಅವರು ರೊಟ್ಟಿಯ ಚೂರನ್ನು ನಿಧಾನವಾಗಿ ಅಗಿದರು. "ಯಾವ ಪರೀಕ್ಷೆ?"

"ಕಾಲೇಜಿನ ಪರೀಕ್ಷೆ ಸರ್. ಐವತ್ತಾರರಲ್ಲಿ. ನೀವು ಕರೆಸಿ ಬೇಡ ಅಂದ್ರಲ್ಲ."

"ಓ, ಅದಾ." ಅವರ ಮುಖದಲ್ಲಿ ಮುಚ್ಚುಮರೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಗಣಿ ಓಣಿಯಿಂದ ಬರ್ತಿದ್ದ ಹುಡುಗೀರಿಗೆಲ್ಲ ನಾನು ಅದನ್ನೇ ಹೇಳ್ತಿದ್ದೆ ಕಣಮ್ಮ. ಅಂಕಿ ನೋಡೋ ಅಗತ್ಯ ಬೀಳ್ತಿರ್ಲಿಲ್ಲ. ಅಪ್ಪ ಕೆಮ್ಮೋನು, ಅಮ್ಮ ಹೊಲಿಯೋಳು. ಅಂಕಿ ಚೆನ್ನಾಗಿದ್ರೆ ತಾನೆ ಏನು ಮಾಡ್ತಿದ್ದೆ? ಸುಮ್ನೆ ಆಸೆ ಹುಟ್ಟಿಸಿ ನೋಯಿಸೋದು ಯಾಕೆ ಅಂತ."

ಆಲ್ಬಿನಾ ತಲೆಯಾಡಿಸಿದಳು. ಅವರ ಕಂಬಳಿಯ ಮೇಲೆ ಬಿದ್ದಿದ್ದ ಗಸಗಸೆಯನ್ನು ಅಂಗೈಗೆ ಗುಡಿಸಿಕೊಂಡು ತಟ್ಟೆಗೆ ಹಾಕಿದಳು. ಹವೆಯ ಬಗ್ಗೆ, ಯಾರು ಯಾರು ಸತ್ತರು ಎಂಬುದರ ಬಗ್ಗೆ ಇನ್ನೊಂದಿಷ್ಟು ಮಾತಾಡಿ ಎದ್ದೆವು. ಹಿಂತಿರುಗುವಾಗ ನಾನೇ ಕುದಿಯುತ್ತಿದ್ದೆ. ಸ್ಟೀರಿಂಗ್ ಗುದ್ದಿ, "ನೋಡೇ ಇಲ್ವಂತೆ! ತೆಗೆದು ನೋಡೇ ಇಲ್ವಂತಲ್ರೀ ಆ ಮನುಷ್ಯ!" ಎಂದೆ.

"ರಸ್ತೆ ನೋಡಿ ಮೇಷ್ಟ್ರೇ," ಎಂದಳು ಆಲ್ಬಿನಾ. "ಈ ಹೊತ್ತಲ್ಲಿ ಜಿಂಕೆ ಅಡ್ಡ ಬರ್ತಾವೆ."

ಮನೆಯ ಮುಂದೆ ಇಳಿಯುವಾಗ, "ಇಷ್ಟು ವರ್ಷ ನಾನು ದಡ್ಡಿ ಅಂದ್ಕೊಂಡಿದ್ದೆ. ಅದೂ ಗೊತ್ತಿಲ್ಲ ಅಂತಾಯ್ತು," ಎಂದಳು.

ಅದಾದ ಮೇಲೆ ಬುಧವಾರ ಸಂಜೆಗಳಲ್ಲಿ, ಶಾಲೆ ಬಿಟ್ಟ ಮೇಲೆ, ಕಚೇರಿಯಲ್ಲೇ ಮಕ್ಕಳನ್ನು ಕೂರಿಸಿಕೊಳ್ಳಲು ಶುರು ಮಾಡಿದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಆಗಿನ ಪರೀಕ್ಷೆ ತುಂಬ ಪದಗಳದ್ದೇ ಆಟ. ವಿರುದ್ಧ ಪದ ಹುಡುಕುವುದೊಂದು. ಇದಕ್ಕೆ ಇದು ಹೇಗೋ ಅದಕ್ಕೆ ಯಾವುದು ಎಂದು ಜೋಡಿ ಕೂಡಿಸುವುದು ಇನ್ನೊಂದು. ಆ ಜೋಡಿಗಳು ಬರುತ್ತಿದ್ದದ್ದೋ ಹಾಯಿದೋಣಿಯ ಲೋಕದಿಂದ, ಸಂಗೀತ ಕಛೇರಿಯ ಲೋಕದಿಂದ. ನಮ್ಮ ಮಕ್ಕಳು ಹಾಯಿದೋಣಿ ಕಂಡಿದ್ದರೆ ಕ್ಯಾಲೆಂಡರಿನಲ್ಲಿ. ಆಲ್ಬಿನಾ ತನ್ನದೇ ಜೋಡಿಗಳನ್ನು ಕಟ್ಟುತ್ತಿದ್ದಳು.

"ಗಣಿಗೆ ನೀರಿನ ಪಂಪು ಹೇಗೋ, ತೂತು ದೋಣಿಗೆ ಏನೋ?"

"ಈಜು ಬರೋದು ಮಿಸ್!"

"ನಿನ್ನ ತಲೆ! ಬಕೆಟ್ ಕಣೋ, ಬಕೆಟ್! ನೀರು ಹೊರಗೆ ಹಾಕ್ಬೇಕು. ಪಿರೋಗಿ ಕಡುಬಿಗೆ ಅಂಚು ಒತ್ತೋದು ಹೇಗೋ, ಲಕೋಟೆಗೆ ಏನು?"

"ಗೋಂದು."

"ಹಾಂ, ನೋಡು. ನಿಮ್ಮಜ್ಜಿ ಅಡುಗೆಮನೇಲಿ ಇದೆಲ್ಲ ಇದೆ. ಅವರು ಅದನ್ನೇ ಟೈ ಕಟ್ಟಿ ಕಳಿಸ್ತಾರೆ, ಅಷ್ಟೇ. ಮತ್ತೆ ಗೊತ್ತಿಲ್ಲದೇ ಇದ್ರೆ ಸುಮ್ನೆ ಗುರುತು ಹಾಕ್ಬೇಡಿ. ತಪ್ಪು ಮಾಡಿದ್ರೆ ಬಂದಿರೋದ್ರಲ್ಲೂ ಒಂದಿಷ್ಟು ಕಿತ್ಕೊಳ್ತಾರೆ."

ಮಕ್ಕಳು ಕಲಿತರು. ಎಲ್ಲರೂ ಅಲ್ಲ. ಕೆಲವರು ಬೆಟ್ಟ ದಾಟಿದರು. ಆಲ್ಬಿನಾ ಯಾವ ಮಗುವಿಗೂ ಕಾಲೇಜು ನಿನಗೆ ಬೇಡ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಬೇಕು ಎಂದು ಒತ್ತಾಯಿಸಿದ್ದನ್ನೂ ಕೇಳಿಲ್ಲ. ಅಂಕಿ ಕೈಗೆ ಬಂದಾಗ ಮಾತ್ರ, "ಇದು ನಿಂದು. ಏನು ಮಾಡ್ಕೋಬೇಕೋ ನೀನೇ ನೋಡು," ಎನ್ನುತ್ತಿದ್ದಳು.

ಆಕೆ ಜೋಡಿಗಳಲ್ಲಿ ಪಳಗುವಷ್ಟರಲ್ಲಿ ಪರೀಕ್ಷೆಯೇ ಮಗ್ಗುಲು ಬದಲಿಸಿತು. ತೊಂಬತ್ತರ ದಶಕದಲ್ಲಿ ವಿರುದ್ಧ ಪದಗಳನ್ನು ತೆಗೆದರು. ಗಣಿತಕ್ಕೆ ಕ್ಯಾಲ್ಕುಲೇಟರ್ ಬಿಟ್ಟರು. ಹೆಸರಿನ ನಡುವೆ ಇದ್ದ 'ಸಹಜ ಸಾಮರ್ಥ್ಯ' ಎಂಬ ಮಾತು ಸರಿಯಲ್ಲವೆಂದು ಅದರ ಜಾಗದಲ್ಲಿ ಇನ್ನೊಂದು ಮಾತು ಇಟ್ಟರು. ಕೊನೆಗೆ ಆ ಮೂರು ಅಕ್ಷರಕ್ಕೆ ಅರ್ಥವೇ ಇಲ್ಲ, ಬರೀ ಅಕ್ಷರ ಎಂದರು. ಆಲ್ಬಿನಾ ನಕ್ಕುಬಿಟ್ಟಳು. "ನಮ್ಮ ಮಾವನ ನಾಯಿಗೂ ಹೀಗೇ ಮೂರು ಹೆಸರಿತ್ತು. ಯಾವುದಕ್ಕೂ ಬರ್ತಿರ್ಲಿಲ್ಲ."

ಆಮೇಲೆ ಬಂತು ಅಂಕಿಯ ತಂಟೆ. ದೇಶದ ಮಕ್ಕಳ ಸರಾಸರಿ ವರ್ಷ ವರ್ಷ ಜಾರಿ ಜಾರಿ ಐನೂರಕ್ಕಿಂತ ಬಹಳ ಕೆಳಗೆ ಹೋಗಿತ್ತು. ಅದನ್ನು ಮತ್ತೆ ನಡುವಿಗೆ ತರಲು ಅಳತೆಗೋಲನ್ನೇ ಸರಿಸಿದರು. ಹಿಂದಿನ ವರ್ಷದಷ್ಟೇ ಸರಿ ಉತ್ತರ ಬರೆದರೂ ಈಗ ದೊಡ್ಡ ಅಂಕಿ. ಆ ಬೇಸಿಗೆಗೆ ಮುನ್ನ ಬುಚ್ ಸ್ಟಾಂಕಾವೇಜ್ ಕಚೇರಿಗೆ ನುಗ್ಗಿದ. ಕಲ್ಲಿದ್ದಲು ಲಾರಿ ಓಡಿಸುವ ಭಾರೀ ಆಳು. ಅವನ ಹಿರಿಯ ಮಗ ಡೇಲ್ ಹಿಂದಿನ ವರ್ಷ ಬರೆದು ಭಾಷೆಯಲ್ಲಿ ನಾನೂರ ಮೂವತ್ತು ತೆಗೆದಿದ್ದ. ಕಿರಿಯವನು ಕರ್ಟ್‌ಗೆ ಈಗ ಐನೂರು ಬಂದಿತ್ತು.

"ಆಲ್ಬಿನಾ, ಇದೇನಿದು? ಕರ್ಟ್‌ಗೆ ತನ್ನ ಶೂ ಲೇಸು ಕಟ್ಟೋಕೆ ಬರಲ್ಲ. ಮನೇಲಿ ಡೇಲ್‌ನ ದಡ್ಡ ದಡ್ಡ ಅಂತ ಆಡ್ಕೊಂಡು ಪ್ರಾಣ ತಿಂತಿದಾನೆ. ನಿನ್ನೆ ಇಬ್ರೂ ಗ್ಯಾರೇಜಲ್ಲಿ ಹೊಡೆದಾಡಿದ್ರು."

ಆಲ್ಬಿನಾ ನನ್ನನ್ನು ಕರೆಸಿದಳು. "ಗಣಿತದ ಮೇಷ್ಟ್ರು ಇದಾರೆ, ಕೇಳು."

ನಾನು ಅಳತೆಗೋಲು ಸರಿದ ಕತೆ ಹೇಳಿದೆ. ಹೊಸ ಐನೂರೆಂದರೆ ಹಳೆಯ ನಾನೂರ ಇಪ್ಪತ್ತರ ಸುಮಾರು, ಆದ್ದರಿಂದ ನಿಜವಾಗಿ ನೋಡಿದರೆ ಡೇಲೇ ಒಂದು ಕೂದಲೆಳೆ ಮುಂದೆ ಎಂದೆ. ಬುಚ್ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಂದ್ರೆ, ಟೇಪು ಬದಲಾಯ್ಸಿ ಹುಡುಗನ್ನ ಉದ್ದ ಮಾಡಿದ್ರು ಅನ್ನಿ."

"ಸುಮಾರಾಗಿ ಹಾಗೇ."

"ಅಲ್ಲಾ ರೀ, ನಮ್ಮ ಕಲ್ಲಿದ್ದಲು ತೂಕದಲ್ಲಿ ನಾನು ಹೀಗೆ ಮಾಡಿದ್ರೆ ಒಳಗೆ ಹಾಕ್ತಾರೆ!"

ಆಲ್ಬಿನಾ ನಗದೇ ಹೇಳಿದಳು: "ಬುಚ್, ಡೇಲ್ ಎಲ್ಲಿ ಈಗ?"

"ಎಲ್ಲಿ ಅಂದ್ರೆ? ನನ್ನ ಜೊತೆ ಲಾರೀಲಿ. ನಾನೂರ ಮೂವತ್ತು ಸಾಲದು ಅಂತ ಅವನೇ ಎಲ್ಲೂ ಅರ್ಜಿ ಹಾಕ್ಲಿಲ್ಲ."

ಬುಚ್ ಟೋಪಿ ಹಾಕಿಕೊಂಡು, ಬಂದ ರಭಸವೆಲ್ಲ ಇಳಿದು ಹೊರಟುಹೋದ. ಕರ್ಟ್ ಕಾಲೇಜಿಗೆ ಹೋದ, ಓದಿ ಹಾರಿಸ್‌ಬರ್ಗಿನಲ್ಲಿ ಕೆಲಸ ಹಿಡಿದ. ಡೇಲ್ ಇವತ್ತಿಗೂ ಲಾರಿಯಲ್ಲಿದ್ದಾನೆ. ಅವನೇನೂ ದುಃಖದಲ್ಲಿಲ್ಲ. ಆದರೆ ಅವತ್ತಿನ ನಂತರ ಆಲ್ಬಿನಾ ಮಕ್ಕಳಿಗೆ ಅಂಕಿ ಕೊಡುವಾಗ, "ಎಲ್ಲೂ ಅರ್ಜಿ ಹಾಕದೇ ಇರ್ಬೇಡ, ಕೇಳ್ತಾ?" ಎಂದು ಸೇರಿಸತೊಡಗಿದಳು.

ಇನ್ನೊಂದು ಹತ್ತು ವರ್ಷಕ್ಕೆ ಜೋಡಿಗಳನ್ನೂ ತೆಗೆಯುತ್ತಾರೆಂಬ ಸುದ್ದಿ ಬಂತು. ಬದಲಿಗೆ ಪ್ರಬಂಧ ಬರೆಯಬೇಕು, ಒಟ್ಟು ಅಂಕ ಎರಡು ಸಾವಿರದ ನಾನೂರಕ್ಕೆ. ಆಲ್ಬಿನಾ ಆಗಷ್ಟೇ ಕಚೇರಿಯಿಂದ ನಿವೃತ್ತಳಾಗಿದ್ದಳು. ಶನಿವಾರಗಳನ್ನು ಮಾತ್ರ ಬಿಟ್ಟಿರಲಿಲ್ಲ. ಒಂದು ಸಂಜೆ ನನ್ನ ಮನೆಗೆ ಬಂದು, ಕೋಟು ಕೂಡ ಬಿಚ್ಚದೆ ಹೇಳಿದಳು.

"ಜನವರಿ ಪರೀಕ್ಷೆ ನೀವು ನಡೆಸ್ಬೇಕು ಮೇಷ್ಟ್ರೇ. ನಾನು ಬರೀತೀನಿ."

"ಏನು?"

"ಹಳೇ ಥರದ್ದು ಅದೇ ಕೊನೇದು. ವಯಸ್ಸಾದವರು ಬರೀಬಾರದು ಅಂತ ಏನೂ ಇಲ್ಲ, ವಿಚಾರಿಸ್ದೆ. ಆದ್ರೆ ನಮ್ಮ ಶಾಲೇಲಿ ಬೇಡ. ಇಲ್ಲಿನ ಮಕ್ಕಳು ನನ್ನನ್ನ ನೋಡ್ಕೊಂಡು ನಗ್ತಾ ತಪ್ಪು ಮಾಡ್ತಾವೆ. ಬೆಟ್ಟದಾಚೆ ಹೋಗ್ತೀನಿ."

ಹೋದಳು, ಬರೆದಳು. ಅರವತ್ತಾರು ವರ್ಷದ ಹೆಂಗಸು, ಹದಿನೇಳರ ಹುಡುಗರ ಮಧ್ಯೆ, ಎರಡು ಕನ್ನಡಕ ಇಟ್ಟುಕೊಂಡು. ಹೇಗಿತ್ತು ಎಂದು ಕೇಳಿದ್ದಕ್ಕೆ, "ಮೇಲ್ವಿಚಾರಕಿಯ ಬೂಟು ಕೀಚ್ ಕೀಚ್ ಅಂತಿತ್ತು. ಯಾರೂ ಹೇಳಲ್ಲ ಅವಳಿಗೆ," ಎಂದಳಷ್ಟೇ.

ಅಂಕಿ ಬಂದ ದಿನ ಆಕೆಯೇ ಫೋನು ಮಾಡಿ ಕರೆದಳು. ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಎಲೆಕೋಸು ಬೇಯುವ ವಾಸನೆ. ಗಣಿತದಲ್ಲಿ ನಾನೂರರ ಆಸುಪಾಸು. "ಅದು ನಿಮ್ಮ ತಪ್ಪು," ಎಂದಳು. ಭಾಷೆಯಲ್ಲಿ ಆರುನೂರ ತೊಂಬತ್ತು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಆಲ್ಬಿನಾ! ನಮ್ಮ ಶಾಲೇಲಿ ಈ ವರ್ಷ ಯಾರಿಗೂ ಇಷ್ಟು ಬಂದಿಲ್ಲ ಕಣ್ರೀ!"

"ಕೂತ್ಕೊಳ್ಳಿ. ಇದು ಹೊಸ ಟೇಪಿನ ಅಳತೆ, ಅಲ್ವಾ? ಹಳೇದ್ರಲ್ಲಿ ಎಷ್ಟು?"

"ಅರವತ್ತು ಎಪ್ಪತ್ತು ಕಳೀಬೇಕು. ಆರುನೂರ ಇಪ್ಪತ್ತು ಅಂದ್ಕೊಳ್ಳಿ. ಅದೂ ತುಂಬ ಒಳ್ಳೇದೇ."

"ಐವತ್ತಾರರ ಟೇಪಲ್ಲಿ?"

ಆಗಿನ ಪ್ರಶ್ನೆಗಳು ಬೇರೆ. ಆಗ ಬರೆಯುತ್ತಿದ್ದವರು ಕಡಿಮೆ, ಬಹಳಷ್ಟು ಜನ ಉಳ್ಳವರ ಮಕ್ಕಳು. ಅವರ ಪಕ್ಕದಲ್ಲಿ ನಿಲ್ಲಿಸಿ ಅಳೆದ ಅಳತೆ ಅದು. ಮೇಲಾಗಿ ಆಗ ಬರೆದದ್ದು ಹದಿನೇಳರ ಹುಡುಗಿ. ಈಗ ಬರೆದದ್ದು ನಲವತ್ತೆಂಟು ವರ್ಷ ಪದಗಳ ನಡುವೆಯೇ ಬದುಕಿದ ಹೆಂಗಸು. ಯಾವ ಲೆಕ್ಕದಿಂದಲೂ ಅಲ್ಲಿಗೆ ಹೋಗಿ ಮುಟ್ಟಲು ಆಗುತ್ತಿರಲಿಲ್ಲ.

"ಆಗಲ್ಲ," ಎಂದೆ.

"ನಾನೂ ಹಾಗೇ ಅಂದ್ಕೊಂಡೆ." ಒಲೆಯ ಬಳಿ ಹೋಗಿ ಪಾತ್ರೆಯ ಮುಚ್ಚಳ ಸರಿಸಿ ನೋಡಿದಳು. ನನಗೆ ಬೆನ್ನು ಮಾಡಿಕೊಂಡೇ, "ಅವಳಿಗೆ ಎಷ್ಟು ಬಂದಿತ್ತೋ ಪಾಪ," ಎಂದಳು. ಯಾರೋ ಪಕ್ಕದ ಮನೆಯ ಹುಡುಗಿಯ ಬಗ್ಗೆ ಹೇಳುವ ಹಾಗೆ. ಆಮೇಲೆ, "ಊಟ ಮಾಡ್ಕೊಂಡು ಹೋಗಿ," ಎಂದಳು.

ಕಾಲೇಜು ಸೇರಿ ಎಂದು ನಾನು ಹಟ ಹಿಡಿದೆ. ಆ ಶರತ್ಕಾಲದಲ್ಲಿ ಹತ್ತಿರದ ಕಾಲೇಜೊಂದರಲ್ಲಿ ಸಂಜೆಯ ಲ್ಯಾಟಿನ್ ತರಗತಿಗೆ ಸೇರಿಯೂ ಸೇರಿದಳು. ಮೂರು ತಿಂಗಳು ಹೋದಳು. ಚೆನ್ನಾಗಿಯೇ ಇತ್ತಂತೆ. ಆದರೆ ಬೆಟ್ಟದ ರಸ್ತೆಯಲ್ಲಿ ಕತ್ತಲಲ್ಲಿ ಕಾರು ಓಡಿಸುವುದು, ಹೋಗಿ ಬಂದ ಮೇಲೆ ಬೆನ್ನು ಹಿಡಿದುಕೊಳ್ಳುವುದು. "ಆಸೆ ಏನೋ ಇನ್ನೂ ಇದೆ ಮೇಷ್ಟ್ರೇ, ಆದ್ರೆ ಅದನ್ನ ಹೊತ್ಕೊಂಡು ಓಡಾಡೋ ಕಾಲು ಇಲ್ಲ," ಎಂದು ಬಿಟ್ಟುಬಿಟ್ಟಳು.

ಶನಿವಾರಗಳು ನಡೆದವು. ಪ್ರಬಂಧದ ವರ್ಷಗಳು ಎಲ್ಲಕ್ಕಿಂತ ಉದ್ದ. ಬೆಳಿಗ್ಗೆ ಕೂತ ಮಕ್ಕಳು ಏಳುವಾಗ ಮಧ್ಯಾಹ್ನ ದಾಟುತ್ತಿತ್ತು, ಕ್ಯಾಂಟೀನಿನ ಹೀಟರ್ ಅಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಬುಧವಾರದ ಸಂಜೆಗಳಲ್ಲಿ ಆಲ್ಬಿನಾ ಜೋಡಿಗಳನ್ನು ಬಿಟ್ಟು ಪ್ರಬಂಧ ಹೇಳಿಕೊಡಲು ಕಲಿತಳು. ಅದು ಕೈಗೆ ಹತ್ತುವಷ್ಟರಲ್ಲಿ ಪ್ರಬಂಧ ಬೇಕಿದ್ದವರಿಗೆ ಮಾತ್ರ ಎಂದರು, ಆಮೇಲೆ ಬೇಡವೇ ಬೇಡ ಎಂದರು. ಒಟ್ಟು ಅಂಕ ಮತ್ತೆ ಸಾವಿರದ ಆರುನೂರಕ್ಕೆ ಇಳಿಯಿತು. ತಪ್ಪಿಗೆ ಅಂಕ ಕಳೆಯುವುದನ್ನು ನಿಲ್ಲಿಸಿದರು. ಮೂವತ್ತು ವರ್ಷ "ಗೊತ್ತಿಲ್ಲದಿದ್ರೆ ಬಿಡಿ" ಎಂದ ಬಾಯಲ್ಲೇ "ಗೊತ್ತಿಲ್ಲದಿದ್ರೂ ಏನಾದ್ರೂ ಗುರುತು ಹಾಕಿ" ಎಂದು ಹೇಳಬೇಕಾಯಿತು. ಮೊದಮೊದಲು ಆಕೆಯ ನಾಲಗೆ ತೊದಲುತ್ತಿತ್ತು. ಕಷ್ಟದ ಪದಗಳೂ ಹೋದವು. ಪ್ರತಿ ಸಲವೂ ಅವರು ಹೇಳುತ್ತಿದ್ದ ಕಾರಣ ಒಂದೇ: ಈಗ ಎಲ್ಲ ಮಕ್ಕಳಿಗೂ ನ್ಯಾಯ ಸಿಗುತ್ತದೆ. ಆಲ್ಬಿನಾ ಹೊಸ ಸೂಚನೆಗಳನ್ನು ಓದಿ, ಕನ್ನಡಕ ತೆಗೆದು, ಮೂಗಿನ ಮೇಲಿನ ಗುಳಿಗಳನ್ನು ಉಜ್ಜಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಬರುತ್ತಿದ್ದ ಮಕ್ಕಳ ಹೆಸರುಗಳೂ ಬದಲಾಗಿದ್ದವು. ಅಂಗಿ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೆದ್ದಾರಿಯ ಬದಿಯ ಗೋದಾಮುಗಳಿಗೆ ನ್ಯೂಯಾರ್ಕಿನ ಕಡೆಯಿಂದ ಡೊಮಿನಿಕನ್ ಕುಟುಂಬಗಳು ಬಂದು ನೆಲೆಸಿದ್ದವು. ಅಂಕಿಗಳು ಮಾತ್ರ ನಮ್ಮೂರಿನಲ್ಲಿ ಯಾವಾಗಲೂ ಇದ್ದ ಜಾಗದಲ್ಲೇ ಇದ್ದವು.

ಯೆಸೇನಿಯಾ ಅಲ್ಮೋಂಟೆ ಆ ಗೋದಾಮಿನ ಕೆಲಸಗಾರನೊಬ್ಬನ ಮಗಳು. ಪಟಪಟ ಮಾತಾಡುವ ಹುಡುಗಿ. ಬುಧವಾರ ತಪ್ಪಿಸುತ್ತಿರಲಿಲ್ಲ. ಆಲ್ಬಿನಾಳನ್ನು "ಅಬುವೇಲಾ" ಎಂದೇ ಕರೆಯುತ್ತಿದ್ದಳು, ಅಜ್ಜಿ ಎಂದು. ಅವಳು ಪರೀಕ್ಷೆ ಬರೆಯಬೇಕಿದ್ದ ವರ್ಷವೇ ಕೊರೊನಾ ಬಂತು. ಪರೀಕ್ಷೆ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಅಷ್ಟರಲ್ಲಿ ಕಾಲೇಜುಗಳು ಒಂದರ ಹಿಂದೆ ಒಂದು ಅಂಕಿ ಕಡ್ಡಾಯವಲ್ಲ ಎಂದವು. ಹುಡುಗಿ ಮಾಸ್ಕು ಹಾಕಿಕೊಂಡು ಆಲ್ಬಿನಾಳ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಆಲ್ಬಿನಾ ಬಾಗಿಲ ಒಳಗೆ, ಕುರ್ಚಿಯಲ್ಲಿ. ದಿನಸಿ ತಂದುಕೊಟ್ಟು ನಾನು ಬೇಲಿಯ ಬಳಿ ನಿಂತಿದ್ದೆ.

"ಅಬುವೇಲಾ, ಅಕ್ಟೋಬರಲ್ಲಿ ಪರೀಕ್ಷೆ ಇದೆಯಂತೆ. ಬರೀಲಾ ಬೇಡ್ವಾ?"

"ಬರೀಬೇಕು ಅಂತ ಇಲ್ಲ ಅಂತಾರಲ್ಲೇ."

"ಬೇಕಿಲ್ಲ ಅಂತಾರೆ. ಆದ್ರೆ ಕಳಿಸ್ದೇ ಇದ್ರೆ ಕಡಿಮೆ ಬಂದಿದೆ ಅದಕ್ಕೇ ಮುಚ್ಚಿಟ್ಳು ಅಂದ್ಕೊಳ್ತಾರಂತೆ. ಕಳಿಸಿದ್ರೆ, ಇಷ್ಟೇನಾ ಅಂತಾರಂತೆ. ನೀವು ಹೇಳಿ, ಏನು ಮಾಡ್ಲಿ?"

ಆಲ್ಬಿನಾ ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. ಆ ಪರೀಕ್ಷೆಯ ಬಗ್ಗೆ ಕೇಳಿದ ಪ್ರಶ್ನೆಗೆ ಆಕೆ ತಡವರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಂಗೊತ್ತಿಲ್ಲ ಕಣೇ," ಎಂದಳು ಕೊನೆಗೆ. "ಹಿಂದೆ ಬಾಗಿಲು ಒಂದೇ ಇತ್ತು, ಬೀಗನೂ ಕಾಣ್ತಿತ್ತು. ಈಗ ಬಾಗಿಲು ಎಲ್ಲಿದೆ ಅಂತಾನೇ ನಂಗೆ ಕಾಣಲ್ಲ. ನಿನ್ನ ಮನಸ್ಸು ಏನು ಹೇಳುತ್ತೆ?"

"ನನ್ನ ಮನಸ್ಸು ಮಲ್ಕೋ ಅನ್ನುತ್ತೆ."

"ನನ್ನದೂ," ಎಂದಳು ಆಲ್ಬಿನಾ. ಇಬ್ಬರೂ ನಕ್ಕರು.

ಯೆಸೇನಿಯಾ ಬರೆಯಲಿಲ್ಲ. ಬರೆಯದೆಯೇ ರಾಜ್ಯದ ಕಾಲೇಜೊಂದರಲ್ಲಿ ನರ್ಸಿಂಗಿಗೆ ಜಾಗ ಸಿಕ್ಕಿತು. ಒಂದು ವರ್ಷ ಓದಿದಳು, ಅಮ್ಮನಿಗೆ ಹುಷಾರಿಲ್ಲವೆಂದು ಬಿಟ್ಟು ಬಂದಳು, ಮತ್ತೆ ಸೇರಿದಳು. ಇನ್ನೂ ಓದುತ್ತಿದ್ದಾಳೆ ಎಂದು ಕೇಳಿದ್ದೇನೆ.

ಕಾಗದದ ಮೇಲಿನ ಪರೀಕ್ಷೆ ನಿಂತು ಲ್ಯಾಪ್‌ಟಾಪ್ ಬಂದದ್ದು ಎರಡು ಸಾವಿರದ ಇಪ್ಪತ್ತನಾಲ್ಕರ ಮಾರ್ಚಿನಲ್ಲಿ. ಹೊಣೆಯನ್ನು ಆ ವರ್ಷವಷ್ಟೇ ಆಲ್ಬಿನಾ ನನಗೆ ಒಪ್ಪಿಸಿದ್ದಳು. ಆದರೂ ಮೊದಲ ದಿನ ಬಂದು ಕಾರಿಡಾರಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಎಂಬತ್ತೈದು ದಾಟಿತ್ತು. ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವ ಬ್ರೈಸ್ ಎಂಬ ಯುವಕ ಅತ್ತಿಂದಿತ್ತ ಓಡಾಡುತ್ತಿದ್ದ. ಪೆನ್ಸಿಲ್ ಸದ್ದಿಲ್ಲ, ಪುಟ ತಿರುವುವ ಸದ್ದಿಲ್ಲ. ಗಡಿಯಾರ ಕೂಡ ಪರದೆಯ ಒಳಗೇ. "ಕೆಳಗಿಡಿ" ಎಂದು ಕೂಗುವವರು ಬೇಕಿರಲಿಲ್ಲ. ಹೊತ್ತು ಮುಗಿದರೆ ಅದೇ ಮುಚ್ಚಿಕೊಳ್ಳುತ್ತಿತ್ತು. ಎರಡು ಗಂಟೆ ಚಿಲ್ಲರೆಗೆ ಮುಗಿದುಹೋಯಿತು.

ಮಕ್ಕಳು ಹೊರಬಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಫೋನು ತೆಗೆದು, ಸುಮ್ಮನೆ ನಡೆದರು. ಆಲ್ಬಿನಾ ನನ್ನ ತೋಳು ಹಿಡಿದು ಎಳೆದಳು.

"ಏನಾಯ್ತು ಇವಕ್ಕೆ? ಯಾಕೆ ಜಗಳ ಆಡ್ತಿಲ್ಲ?"

"ಯಾವ ಜಗಳ?"

"ಯಾವಾಗ್ಲೂ ಹೊರಗೆ ಬಂದ ಕೂಡ್ಲೇ ಕಚ್ಚಾಡ್ತಾವಲ್ಲ. ಹದಿನಾಲ್ಕಕ್ಕೆ ನೀನು ಏನು ಹಾಕಿದೆ, ನಾನು ಬಿ ಹಾಕಿದೆ, ಅಯ್ಯೋ ಸಿ ಕಣೋ ಅಂತ."

"ಈಗ ಎಲ್ಲರಿಗೂ ಒಂದೇ ಪ್ರಶ್ನೆ ಇರಲ್ಲ ಆಲ್ಬಿನಾ. ಮೊದಲರ್ಧ ಹೇಗೆ ಮಾಡ್ತಾರೋ ನೋಡ್ಕೊಂಡು ಎರಡನೇ ಅರ್ಧ ಕೊಡುತ್ತೆ. ಚೆನ್ನಾಗಿ ಮಾಡಿದವರಿಗೆ ಕಷ್ಟದ್ದು, ಮಾಡದವರಿಗೆ ಸುಲಭದ್ದು."

"ತಮ್ಗೆ ಯಾವುದು ಬಂತು ಅಂತ ಮಕ್ಕಳಿಗೆ ಗೊತ್ತಾಗುತ್ತಾ?"

"ಹೇಳಲ್ಲ. ಅವರೇ ಊಹೆ ಮಾಡ್ಕೋಬೇಕು."

ಆಕೆ ಖಾಲಿಯಾಗುತ್ತಿದ್ದ ಕಾರಿಡಾರನ್ನೇ ನೋಡುತ್ತ ಕೂತಳು. ಕೊನೆಯ ಹುಡುಗ ಬಾಗಿಲು ದಾಟಿದ. ಬ್ರೈಸ್ ತಂತಿಗಳನ್ನು ಸುತ್ತುತ್ತಿದ್ದ. ನನಗೂ ಆ ವರ್ಷ ನಿವೃತ್ತಿ. ಇಷ್ಟು ದಿನ ಕೇಳದ ಪ್ರಶ್ನೆಯನ್ನು ಕೇಳಿಬಿಡೋಣ ಅನ್ನಿಸಿತು.

"ಇಷ್ಟೆಲ್ಲ ಬದಲಾಯ್ಸಿದ್ರಲ್ಲ ಆಲ್ಬಿನಾ, ಏನಾದ್ರೂ ಒಳ್ಳೇದಾಯ್ತು ಅನ್ನಿಸುತ್ತಾ ನಿಮಗೆ?"

"ಒಳ್ಳೇದು ಕೆಟ್ಟದ್ದು ಯೋಚನೆ ಮಾಡೋ ಅಷ್ಟು ಶಕ್ತಿ ಇಲ್ಲ ಮೇಷ್ಟ್ರೇ. ಮಂಡಿ ನೋಯ್ತಾ ಇದೆ. ಕಾರು ಬಾಗಿಲ ಹತ್ರಕ್ಕೇ ತನ್ನಿ."

ಕಾರು ತಂದೆ. ಬ್ರೈಸ್ ಒಂದು ಕಡೆ, ನಾನೊಂದು ಕಡೆ ಹಿಡಿದು ಕೂರಿಸಿದೆವು. ಮೊದಲ ಸಿಗ್ನಲ್ ಬರುವುದರೊಳಗೆ ಆಕೆಗೆ ನಿದ್ದೆ ಹತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಕನ್ನಡಕ ಎದೆಯ ಮೇಲೆ ಜಾರಿತ್ತು. ಆಕೆಯ ಮನೆಯ ಮುಂದೆ ಬಂದಾಗ ಎಬ್ಬಿಸಲು ಮನಸ್ಸಾಗದೆ, ಎಂಜಿನ್ ಆರಿಸದೆ, ಊರಿನ ಸುತ್ತ ಇನ್ನೊಂದು ಸುತ್ತು ಹಾಕಿದೆ.